ರೆಪ್ಪೆಗೆ ಹಚ್ಚಬೇಡಿ: ಹೇರ್ ಡೈ ಪೊಟ್ಟಣದ ಎಚ್ಚರಿಕೆಯ ಹಿಂದಿರುವ ಕಣ್ಣಿನ ಡಾಕ್ಟರ ಕತೆ

ಕಟಿಂಗ್ ಶಾಪಿನಲ್ಲಿ ಸರದಿಗೆ ಕಾಯುತ್ತಾ ಕೂತಾಗ ಕೈಗೆ ಸಿಕ್ಕಿದ್ದನ್ನೆಲ್ಲ ಓದುವ ಚಟ ನನಗೆ. ಎಂಜಿನಿಯರಿಂಗ್ ಬಿಟ್ಟು ಎಷ್ಟೋ ವರ್ಷವಾಯ್ತು, ಆದರೆ ಡಬ್ಬಿಯ ಹಿಂದಿನ ಸಣ್ಣಕ್ಷರ ಓದುವ ಕಾಯಿಲೆ ಹೋಗಿಲ್ಲ. ಹೇರ್ ಡೈ ಪೊಟ್ಟಣವನ್ನು ಒಮ್ಮೆ ತಿರುಗಿಸಿ ನೋಡಿ. ಎರಡು ಮಾತು ಇರುತ್ತವೆ. ಇದರಲ್ಲಿರುವ ವಸ್ತುಗಳು ಕೆಲವರ ಚರ್ಮಕ್ಕೆ ಒಗ್ಗದಿರಬಹುದು, ಮೊದಲು ಪರೀಕ್ಷೆ ಮಾಡಿಕೊಳ್ಳಿ ಅನ್ನುವುದು ಒಂದು. ರೆಪ್ಪೆಗೂದಲಿಗಾಗಲಿ ಹುಬ್ಬಿಗಾಗಲಿ ಹಚ್ಚಬೇಡಿ, ಕಣ್ಣು ಹೋಗಬಹುದು ಅನ್ನುವುದು ಇನ್ನೊಂದು. ಮೀಸೆಗೆ ಡೈ ಹಚ್ಚಿಸಿಕೊಂಡು, ಉಳಿದಿದ್ದರಲ್ಲಿ ಹುಬ್ಬಿಗೂ ಒಂದು ಗೆರೆ ಎಳೆಸಿಕೊಂಡು ಹೋಗುವ ಗಿರಾಕಿಗಳನ್ನು ನಾನೇ ನೋಡಿದ್ದೇನೆ. ಆ ಅಕ್ಷರಗಳನ್ನು ಯಾರೂ ಓದುವುದಿಲ್ಲ ಅನ್ನುವುದು ಬೇರೆ ಮಾತು.

ಕಣ್ಣು ಹೋಗಬಹುದು ಅನ್ನುವಷ್ಟು ನಿಖರವಾದ ಎಚ್ಚರಿಕೆ ಸುಮ್ಮನೆ ಹುಟ್ಟುವುದಿಲ್ಲ. ಯಾರದ್ದೋ ಕಣ್ಣು ಹೋಗಿದ್ದಕ್ಕೇ ಅದು ಹುಟ್ಟಿದ್ದು. ಅದು ಕಾನೂನಿನ ಪುಸ್ತಕ ಸೇರಿದ್ದು 1938ರಲ್ಲಿ, ಅಮೆರಿಕದಲ್ಲಿ. ಸೇರಿಸಲು ಐದು ವರ್ಷ ಹೆಣಗಿದವರು ಒಬ್ಬ ಕಣ್ಣಿನ ಡಾಕ್ಟರು. ಹೆಸರು ರಾಯಲ್ ಸ್ಯಾಮ್ಯುಯೆಲ್ ಕೋಪ್‌ಲ್ಯಾಂಡ್.

ಈ ಮನುಷ್ಯನನ್ನು ಹೀರೋ ಮಾಡುವ ಉದ್ದೇಶ ನನಗಿಲ್ಲ. ಓದುತ್ತಾ ಹೋದರೆ ನಿಮಗೂ ಹಾಗನ್ನಿಸಲಿಕ್ಕಿಲ್ಲ.

ಹೋಮಿಯೋಪತಿ, ಕಣ್ಣು, ರಾಜಕೀಯ

ಕೋಪ್‌ಲ್ಯಾಂಡ್ ಹುಟ್ಟಿದ್ದು 1868ರ ನವೆಂಬರ್ 7ರಂದು, ಮಿಷಿಗನ್ ರಾಜ್ಯದ ಡೆಕ್ಸ್ಟರ್ ಎಂಬ ಸಣ್ಣ ಊರಿನ ಹತ್ತಿರ. ಸ್ವಲ್ಪ ಕಾಲ ಶಾಲಾ ಮೇಷ್ಟ್ರಾಗಿದ್ದು, ಆಮೇಲೆ ಮಿಷಿಗನ್ ವಿಶ್ವವಿದ್ಯಾಲಯ ಸೇರಿ 1889ರಲ್ಲಿ ಹೋಮಿಯೋಪತಿ ವೈದ್ಯ ಪದವಿ ಪಡೆದರು. ಹೋಮಿಯೋಪತಿಯಾ ಅಂತ ಹುಬ್ಬೇರಿಸಬೇಡಿ. ಆಗಿನ ಅಮೆರಿಕದಲ್ಲಿ ಅದು ಮೂಲೆಯಲ್ಲಿದ್ದ ಪದ್ಧತಿಯಾಗಿರಲಿಲ್ಲ. ಆ ವಿಶ್ವವಿದ್ಯಾಲಯದಲ್ಲೇ ಎರಡೂ ಪದ್ಧತಿಯ ಕಾಲೇಜುಗಳು ಅಕ್ಕಪಕ್ಕ ನಡೆಯುತ್ತಿದ್ದವು.

ಬೇ ಸಿಟಿ ಎಂಬಲ್ಲಿ ಐದು ವರ್ಷ ಪ್ರಾಕ್ಟೀಸ್ ಮಾಡಿ, 1895ರಲ್ಲಿ ಓದಿದ ಕಾಲೇಜಿಗೇ ಕಣ್ಣು-ಕಿವಿ ವಿಭಾಗದ ಪ್ರೊಫೆಸರ್ ಆಗಿ ವಾಪಸ್ ಬಂದರು. ಕನ್ನಡಕದ ನಂಬರ್ ಅಳೆಯುವ ವಿದ್ಯೆಯ ಬಗ್ಗೆ ಇನ್ನೊಬ್ಬ ವೈದ್ಯರ ಜೊತೆ ಸೇರಿ ಪಠ್ಯಪುಸ್ತಕವನ್ನೂ ಬರೆದರು. ಜೊತೆಜೊತೆಗೇ ರಾಜಕೀಯದ ಹುಳ ಹತ್ತಿತು. 1901ರಿಂದ 1903ರವರೆಗೆ ಆನ್ ಆರ್ಬರ್ ಪಟ್ಟಣದ ಮೇಯರ್, ಅದೂ ರಿಪಬ್ಲಿಕನ್ ಪಕ್ಷದಿಂದ. 1908ರಲ್ಲಿ ನ್ಯೂಯಾರ್ಕಿನ ಹೋಮಿಯೋಪತಿ ಕಾಲೇಜಿನ ಡೀನ್ ಆಗಿ ಹೋದರು. ಅಲ್ಲಿ ಪಕ್ಷ ಬದಲಾಯಿತು, ಡೆಮಾಕ್ರಾಟ್ ಆದರು. ಪಕ್ಷಾಂತರ ನಮ್ಮಲ್ಲಿ ಮಾತ್ರ ಅಂದುಕೊಂಡವರು ಗಮನಿಸಿ.

1918ರಲ್ಲಿ ನ್ಯೂಯಾರ್ಕ್ ನಗರದ ಆರೋಗ್ಯ ಕಮಿಷನರ್ ಹುದ್ದೆ ಸಿಕ್ಕಿತು. ಕೆಲವೇ ತಿಂಗಳಲ್ಲಿ ಇನ್‌ಫ್ಲುಯೆಂಜಾ ಮಹಾಮಾರಿ ಬಂತು. ಬೇರೆ ಬಹಳಷ್ಟು ಊರುಗಳು ಶಾಲೆ, ಥಿಯೇಟರ್ ಮುಚ್ಚುತ್ತಿದ್ದಾಗ ಕೋಪ್‌ಲ್ಯಾಂಡ್ ಮುಚ್ಚಲಿಲ್ಲ. ಗಾಳಿ ಬೆಳಕಿಲ್ಲದ ವಠಾರಗಳಲ್ಲಿ ಮಕ್ಕಳನ್ನು ಕೂಡಿಹಾಕುವುದಕ್ಕಿಂತ, ನರ್ಸು ಡಾಕ್ಟರು ದಿನಾ ನೋಡುವ ಶಾಲೆಯೇ ವಾಸಿ ಅನ್ನುವುದು ಅವರ ಲೆಕ್ಕ. ಅಂಗಡಿ, ಕಚೇರಿ, ಥಿಯೇಟರುಗಳ ಸಮಯವನ್ನು ಹಿಂದೆಮುಂದೆ ಮಾಡಿಸಿ ರೈಲುಗಳಲ್ಲಿ ಜನ ಒಟ್ಟಿಗೆ ತುಂಬಿಕೊಳ್ಳದಂತೆ ನೋಡಿಕೊಂಡರು. ಶುರುವಿನಲ್ಲಿ ಅಪಾಯವನ್ನು ಹಗುರಾಗಿ ತೆಗೆದುಕೊಂಡರು ಅನ್ನುವ ಟೀಕೆಯೂ ಇದೆ, ಫಿಲಡೆಲ್ಫಿಯಾ ಮತ್ತು ಬಾಸ್ಟನ್‌ಗಿಂತ ನ್ಯೂಯಾರ್ಕಿನ ಸಾವಿನ ಪ್ರಮಾಣ ಕಡಿಮೆಯಿತ್ತು ಅನ್ನುವುದೂ ನಿಜ. ಆ ದಿನಗಳು ಅವರನ್ನು ಮನೆಮಾತು ಮಾಡಿದವು. ಪತ್ರಿಕೆಗಳಲ್ಲಿ ಆರೋಗ್ಯ ಅಂಕಣ ಶುರುವಾಯಿತು. 1922ರ ಚುನಾವಣೆ ಗೆದ್ದು, ಮರುವರ್ಷ ಅಮೆರಿಕದ ಸೆನೆಟ್ ಸೇರಿದರು. ಸಾಯುವವರೆಗೂ ಅಲ್ಲೇ ಇದ್ದರು.

ರೆಪ್ಪೆಗೆ ಹಚ್ಚುವ ಬಣ್ಣ

ಈಗ 1930ರ ದಶಕದ ಶುರುವಿಗೆ ಬನ್ನಿ. ಸಿನಿಮಾ ನಟಿಯರ ಕಪ್ಪು ರೆಪ್ಪೆ ನೋಡಿ ಎಲ್ಲರಿಗೂ ಅಂಥದ್ದೇ ಬೇಕು. ದಿನಾ ಹಚ್ಚಿ ದಿನಾ ತೊಳೆಯುವ ಮಸ್ಕಾರಾ ಯಾಕೆ, ಒಮ್ಮೆ ಡೈ ಮಾಡಿಸಿದರೆ ವಾರಗಟ್ಟಲೆ ನಿಲ್ಲುತ್ತದಲ್ಲ ಅನ್ನುವ ಆಸೆಗೆ ಬಂದ ಸರಕು ಲ್ಯಾಶ್ ಲ್ಯೂರ್. ಬ್ಯೂಟಿ ಪಾರ್ಲರುಗಳಲ್ಲಿ ಚೆನ್ನಾಗಿ ಓಡುತ್ತಿತ್ತು. ಅದರ ಕಪ್ಪಿನ ಮೂಲ ಡಾಂಬರಿನಿಂದ ಬರುವ ರಾಸಾಯನಿಕ ಕುಟುಂಬದ ಪ್ಯಾರಾಫಿನೈಲೀನ್‌ಡೈಅಮೀನ್, ಚಿಕ್ಕದಾಗಿ ಪಿಪಿಡಿ.

ಪಿಪಿಡಿ ಅನ್ನುವುದು ಬಣ್ಣವಲ್ಲ, ಬಣ್ಣವಾಗುವ ಕಚ್ಚಾ ಮಾಲು. ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿದಾಗ ಆಕ್ಸಿಡೈಸ್ ಆಗಿ, ಸಣ್ಣ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂದಲೊಳಗೇ ದೊಡ್ಡದಾಗುತ್ತವೆ, ಕಪ್ಪಾಗುತ್ತವೆ. ದೊಡ್ಡದಾದ ಮೇಲೆ ಹೊರಗೆ ಬರಲಾರವು. ಹಾಗಾಗಿಯೇ ತೊಳೆದರೂ ಹೋಗುವುದಿಲ್ಲ. ಆದರೆ ಕೂದಲೊಳಗೆ ನುಗ್ಗುವಷ್ಟು ಸಣ್ಣದಾದದ್ದು ಚರ್ಮದೊಳಗೂ ನುಗ್ಗುತ್ತದೆ. ಅಲ್ಲಿನ ಪ್ರೋಟೀನಿಗೆ ಅಂಟಿಕೊಂಡರೆ ಕೆಲವರ ದೇಹ ಅದನ್ನು ಶತ್ರು ಅಂತ ಗುರುತಿಟ್ಟುಕೊಳ್ಳುತ್ತದೆ. ಮೊದಲ ಸಲ ಏನೂ ಆಗದೇ ಇರಬಹುದು. ಮುಂದಿನ ಸಲವೋ, ಹತ್ತನೇ ಸಲವೋ ಮುಖವೆಲ್ಲ ಊದಿಕೊಳ್ಳಬಹುದು. ಇಷ್ಟು ದಿನ ಏನೂ ಆಗಿಲ್ಲವಲ್ಲ ಅನ್ನುವ ವಾದ ಪಿಪಿಡಿ ಮುಂದೆ ನಡೆಯುವುದಿಲ್ಲ. ರೆಪ್ಪೆಯ ಚರ್ಮವಂತೂ ಮೈಯಲ್ಲೇ ಅತಿ ತೆಳು. ಅದರ ಅಂಚು ದಾಟಿದರೆ ಕಣ್ಣೇ.

ಓಹಿಯೋ ರಾಜ್ಯದ ಒಬ್ಬ ಮಹಿಳೆ ಸಮಾರಂಭವೊಂದಕ್ಕೆ ಅಲಂಕಾರ ಮಾಡಿಸಿಕೊಳ್ಳಲು ಪಾರ್ಲರಿಗೆ ಹೋಗಿ ಲ್ಯಾಶ್ ಲ್ಯೂರ್ ಹಚ್ಚಿಸಿಕೊಂಡರು. ಕಣ್ಣಿನಲ್ಲಿ ಹುಣ್ಣಾಗಿ ದೃಷ್ಟಿ ಹೋಯಿತು. ಇಂಥ ಇನ್ನಷ್ಟು ಪ್ರಕರಣಗಳು ವೈದ್ಯಕೀಯ ಪತ್ರಿಕೆಯಲ್ಲಿ 1933ರಲ್ಲೇ ವರದಿಯಾದವು. ಮರುವರ್ಷ ಒಬ್ಬ ಮಹಿಳೆ ಸತ್ತಿದ್ದೂ ವರದಿಯಾಯಿತು.

ಸರ್ಕಾರ ಏನು ಮಾಡಿತು? ಏನೂ ಮಾಡುವಂತಿರಲಿಲ್ಲ. ಅಮೆರಿಕದಲ್ಲಿ ಆಗ ಇದ್ದದ್ದು 1906ರ ಕಾನೂನು. ಅದು ಆಹಾರಕ್ಕೆ ಮತ್ತು ಔಷಧಕ್ಕೆ. ಕಾಸ್ಮೆಟಿಕ್ಸ್ ಅನ್ನುವ ಪದವೇ ಅದರ ವ್ಯಾಪ್ತಿಯಲ್ಲಿ ಇರಲಿಲ್ಲ. ಕಲಬೆರಕೆ ಜಾಮ್ ಡಬ್ಬಿಯನ್ನು ಇನ್‌ಸ್ಪೆಕ್ಟರ್ ಜಪ್ತಿ ಮಾಡಬಹುದಿತ್ತು, ಕಣ್ಣು ತೆಗೆದ ಬಣ್ಣದ ಬಾಟಲಿಯನ್ನು ಮುಟ್ಟುವಂತಿರಲಿಲ್ಲ. ಹೆಂಗಸರ ಸಿಂಗಾರದ ಸಾಮಾನು ಗಂಭೀರ ವಿಷಯವಲ್ಲ ಅನ್ನುವ ಧೋರಣೆಗೆ ಕಾನೂನಿನಲ್ಲಿ ಸಿಗುವ ರೂಪ ಇದೇ. ಅದೇ ಕಾಲದಲ್ಲಿ ಬೇಡದ ಕೂದಲು ತೆಗೆಯುವ ಕೋರೆಮ್ಲು ಎಂಬ ಕ್ರೀಮಿನಲ್ಲಿ ಇಲಿಪಾಷಾಣಕ್ಕೆ ಬಳಸುವ ಥ್ಯಾಲಿಯಂ ಇತ್ತು. ಹಚ್ಚಿದವರ ತಲೆಕೂದಲು ಉದುರಿತು, ನರಗಳು ಹಾಳಾದವು. ಆ ಸರಕಿನ ಮೇಲೂ ಸರ್ಕಾರಕ್ಕೆ ಕೈ ಹಾಕಲಾಗಲಿಲ್ಲ.

ಐದು ವರ್ಷದ ಎಳೆದಾಟ

1933ರಲ್ಲಿ ರೂಸ್‌ವೆಲ್ಟ್ ಸರ್ಕಾರ ಬಂದಾಗ ಕೃಷಿ ಇಲಾಖೆಯ ಸಹಾಯಕ ಕಾರ್ಯದರ್ಶಿ ರೆಕ್ಸ್‌ಫರ್ಡ್ ಟಗ್ವೆಲ್ ಮತ್ತು ಎಫ್‌ಡಿಎ ಮುಖ್ಯಸ್ಥ ವಾಲ್ಟರ್ ಕ್ಯಾಂಪ್‌ಬೆಲ್ ಹೊಸ ಮಸೂದೆ ಸಿದ್ಧ ಮಾಡಿಸಿದರು. ಕಾಸ್ಮೆಟಿಕ್ಸ್ ಕಾನೂನಿನೊಳಗೆ ಬರಬೇಕು, ಜಾಹೀರಾತಿನ ಸುಳ್ಳಿಗೂ ಶಿಕ್ಷೆಯಾಗಬೇಕು ಅನ್ನುವುದು ಅದರ ಸಾರ. ಸೆನೆಟ್‌ನಲ್ಲಿ ಮಂಡಿಸಲು ಒಬ್ಬರು ಬೇಕಿತ್ತು. ಡಾಕ್ಟರಾಗಿದ್ದ ಕೋಪ್‌ಲ್ಯಾಂಡ್ ಒಪ್ಪಿಕೊಂಡರು. ಕಣ್ಣಿನ ವಿಭಾಗದಲ್ಲಿ 13 ವರ್ಷ ಪಾಠ ಮಾಡಿದವರಿಗೆ ಕಾರ್ನಿಯಾದ ಹುಣ್ಣು ಅಂದರೇನು ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆದರೆ ಅವರ ಕೈಯೂ ಪೂರ್ತಿ ಶುಭ್ರವಾಗಿರಲಿಲ್ಲ. ಜಾಹೀರಾತುದಾರರ ದುಡ್ಡಿನಲ್ಲಿ ನಡೆಯುವ ರೇಡಿಯೋ ಕಾರ್ಯಕ್ರಮಗಳಲ್ಲಿ ಸೆನೆಟರ್ ಸಾಹೇಬರು ಆರೋಗ್ಯದ ಮಾತಾಡುತ್ತಿದ್ದರು. ಜಾಹೀರಾತಿಗೆ ಮೂಗುದಾರ ಹಾಕುವ ಮಸೂದೆ ಹಿಡಿದವರೇ ಜಾಹೀರಾತಿನ ಸಂಭಾವನೆ ಪಡೆದರೆ ಹೇಗೆ ಅಂತ ಗ್ರಾಹಕ ಚಳವಳಿಯವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು.

ಎದುರಿಗೆ ನಿಂತವರು ಪೇಟೆಂಟ್ ಔಷಧದ ಕಂಪನಿಗಳು, ಕಾಸ್ಮೆಟಿಕ್ಸ್ ಉದ್ಯಮ, ಮತ್ತು ಅವರ ಜಾಹೀರಾತಿನಿಂದಲೇ ಉಸಿರಾಡುತ್ತಿದ್ದ ಪತ್ರಿಕೆಗಳು. ಟಗ್ವೆಲ್ ಅವರಿಗೆ ಕೆಂಪು ಬಣ್ಣ ಬಳಿದು, ಇದು ಸರ್ವಾಧಿಕಾರ, ವ್ಯಾಪಾರ ಸ್ವಾತಂತ್ರ್ಯದ ಕೊಲೆ ಅಂತ ಪ್ರಚಾರ ನಡೆಯಿತು. ಎಫ್‌ಡಿಎ ಅಧಿಕಾರಿಗಳು ಕಣ್ಣು ಕಳೆದುಕೊಂಡವರ ಫೋಟೋ, ಅಪಾಯಕಾರಿ ಬಾಟಲಿಗಳನ್ನೆಲ್ಲ ಜೋಡಿಸಿ ಒಂದು ಪ್ರದರ್ಶನ ಮಾಡಿದರು. ಪತ್ರಕರ್ತರು ಅದಕ್ಕೆ ಭೀಕರಗಳ ಕೋಣೆ ಅಂತ ಹೆಸರಿಟ್ಟರು. ಎಫ್‌ಡಿಎಯಲ್ಲೇ ಕೆಲಸ ಮಾಡುತ್ತಿದ್ದ ರೂತ್ ಡಿಫಾರೆಸ್ಟ್ ಲ್ಯಾಂಬ್ 1936ರಲ್ಲಿ ಅದೇ ಹೆಸರಿನ ಸುತ್ತ ಒಂದು ಪುಸ್ತಕ ಬರೆದರು. ದೇಶದುದ್ದಕ್ಕೂ ಮಹಿಳಾ ಸಂಘಟನೆಗಳು ಮಸೂದೆಯ ಬೆನ್ನಿಗೆ ನಿಂತವು. ಒಂದು ಮಾತು ಒಪ್ಪಿಕೊಳ್ಳಲೇಬೇಕು. ಸೆನೆಟ್‌ನ ಒಳಗೆ ಕೋಪ್‌ಲ್ಯಾಂಡ್ ಇದ್ದರು ನಿಜ, ಆದರೆ ಹೊರಗೆ ಈ ಹೆಂಗಸರು ಇಲ್ಲದಿದ್ದರೆ ಮಸೂದೆ ಎರಡನೇ ವರ್ಷಕ್ಕೇ ಸತ್ತುಹೋಗುತ್ತಿತ್ತು.

ಕೋಪ್‌ಲ್ಯಾಂಡ್ ಸ್ವಭಾವತಃ ರಾಜಿಯ ಮನುಷ್ಯ. 1934ರಲ್ಲಿ ಮಸೂದೆಯನ್ನು ತಿದ್ದಿ ಮತ್ತೆ ತಂದರು. 1935ರಲ್ಲಿ ಇನ್ನಷ್ಟು ತಿದ್ದಿ ಸೆನೆಟ್‌ನಲ್ಲಿ ಪಾಸ್ ಮಾಡಿಸಿದರು. 1936ರಲ್ಲಿ ಜಾಹೀರಾತಿನ ನಿಯಂತ್ರಣ ಯಾವ ಇಲಾಖೆಗೆ ಅನ್ನುವ ಜಗಳದಲ್ಲಿ ಎರಡು ಸದನಗಳ ನಡುವೆ ಅದು ಬಿದ್ದುಹೋಯಿತು. ಪ್ರತಿ ಸುತ್ತಿನಲ್ಲೂ ಏನೋ ಒಂದು ಸಡಿಲವಾಗುತ್ತಾ ಹೋಯಿತು. ಗ್ರಾಹಕ ಸಂಘಟನೆಗಳು ಸಿಟ್ಟಾದವು. ಅತ್ತ ರೂಸ್‌ವೆಲ್ಟ್ ಜೊತೆಗಿನ ಸಂಬಂಧವೂ ಹಳಸಿತ್ತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ಸಂಖ್ಯೆ ಹೆಚ್ಚಿಸುವ ಅಧ್ಯಕ್ಷರ ಯೋಜನೆಯನ್ನು ಕೋಪ್‌ಲ್ಯಾಂಡ್ ಬಹಿರಂಗವಾಗಿ ವಿರೋಧಿಸಿದರು. 1937ರಲ್ಲಿ ನ್ಯೂಯಾರ್ಕ್ ಮೇಯರ್ ಆಗಲು ಹೊರಟು ಎರಡೂ ಪಕ್ಷಗಳ ಪ್ರೈಮರಿಯಲ್ಲಿ ಸೋತರು.

ಮಕ್ಕಳು ಸತ್ತ ಮೇಲೆ

ಅದೇ 1937ರ ಶರತ್ಕಾಲ. ಗಂಟಲು ನೋವಿಗೆ ಕೊಡುತ್ತಿದ್ದ ಸಲ್ಫಾನಿಲಮೈಡ್ ಎಂಬ ಔಷಧವನ್ನು ಕುಡಿಯುವ ರೂಪಕ್ಕೆ ತರಲು ಟೆನೆಸಿಯ ಕಂಪನಿಯೊಂದು ಅದನ್ನು ಡೈಈಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿತು. ರುಚಿ, ಬಣ್ಣ, ವಾಸನೆ ಪರೀಕ್ಷಿಸಿದರು. ವಿಷವಾ ಅಂತ ಪರೀಕ್ಷಿಸಲಿಲ್ಲ, ಯಾಕೆಂದರೆ ಕಾನೂನು ಕೇಳಿರಲಿಲ್ಲ. 15 ರಾಜ್ಯಗಳಲ್ಲಿ 100ಕ್ಕೂ ಹೆಚ್ಚು ಜನ ಕಿಡ್ನಿ ಹೋಗಿ ಸತ್ತರು. ಬಹಳಷ್ಟು ಮಂದಿ ಮಕ್ಕಳು. ಕಂಪನಿಯ ಮೇಲೆ ಹಾಕಲು ಸಾಧ್ಯವಾದ ಕೇಸು ಯಾವುದು ಗೊತ್ತಾ? ಎಲಿಕ್ಸಿರ್ ಅಂತ ಹೆಸರಿಟ್ಟಿದ್ದಾರೆ, ಆದರೆ ಅದರಲ್ಲಿ ಆಲ್ಕೋಹಾಲ್ ಇಲ್ಲ, ಹಾಗಾಗಿ ಲೇಬಲ್ ತಪ್ಪು. ಅಷ್ಟೇ.

ಐದು ವರ್ಷ ಅಲುಗಾಡದ ಸದನ ಈಗ ಅಲುಗಾಡಿತು. 1938ರ ಜೂನ್‌ನಲ್ಲಿ ಎರಡೂ ಸದನಗಳು ಮಸೂದೆಗೆ ಒಪ್ಪಿದವು. ಜೂನ್ 16ಕ್ಕೆ ಅಧಿವೇಶನ ಮುಗಿಯಿತು. ಮರುದಿನ, ಜೂನ್ 17ರಂದು, ಕೋಪ್‌ಲ್ಯಾಂಡ್ ತೀರಿಕೊಂಡರು. ವಯಸ್ಸು 69. ರೂಸ್‌ವೆಲ್ಟ್ ಸಹಿ ಹಾಕಿದ್ದು ಜೂನ್ 25ರಂದು. ತನ್ನ ಮಸೂದೆ ಕಾಯ್ದೆಯಾದ ದಿನ ನೋಡಲು ಅವರು ಇರಲಿಲ್ಲ.

ಹೊಸ ಕಾಯ್ದೆಯಡಿ ಮೊದಲಿಗೇ ಜಪ್ತಿಯಾದ ಸರಕುಗಳಲ್ಲಿ ಲ್ಯಾಶ್ ಲ್ಯೂರ್ ಇತ್ತು.

ಎಚ್ಚರಿಕೆ ಅನ್ನುವ ರಾಜಿ

ಈಗ ಆ ಹೇರ್ ಡೈ ಪೊಟ್ಟಣಕ್ಕೆ ವಾಪಸ್ ಬರೋಣ. ಡಾಂಬರು ಮೂಲದ ತಲೆಗೂದಲ ಡೈಗಳಿಗೆ 1938ರ ಕಾಯ್ದೆ ವಿನಾಯಿತಿ ಕೊಟ್ಟಿತು. ಚರ್ಮಕ್ಕೆ ಹಾನಿ ಮಾಡುತ್ತದೆ ಅಂತ ಗೊತ್ತಿದ್ದರೂ ಮಾರಬಹುದು. ಷರತ್ತು ಒಂದೇ: ಪರೀಕ್ಷೆ ಮಾಡಿಕೊಳ್ಳಿ, ರೆಪ್ಪೆ ಹುಬ್ಬಿಗೆ ಹಚ್ಚಬೇಡಿ ಅಂತ ಲೇಬಲ್ ಮೇಲೆ ಬರೆಯಬೇಕು. ರೆಪ್ಪೆ ಹುಬ್ಬಿನ ಡೈಗೆ ಮಾತ್ರ ಈ ವಿನಾಯಿತಿ ಇಲ್ಲ. ಅಂದರೆ ಆ ಸಾಲು ಒಂದು ಗೆಲುವೂ ಹೌದು, ಒಂದು ಶರಣಾಗತಿಯೂ ಹೌದು. ಕಣ್ಣಿನ ವಿಷಯದಲ್ಲಿ ಜವಾಬ್ದಾರಿ ಕಂಪನಿಯದ್ದು. ತಲೆಯ ವಿಷಯದಲ್ಲಿ ಓದಿಕೊಳ್ಳುವ ಜವಾಬ್ದಾರಿ ನಿಮ್ಮದು.

ಕೋಪ್‌ಲ್ಯಾಂಡ್ ತಮ್ಮವರನ್ನೂ ಮರೆಯಲಿಲ್ಲ. ಹೋಮಿಯೋಪತಿಯ ಔಷಧ ಸಂಹಿತೆಗೆ ಅದೇ ಕಾಯ್ದೆಯಲ್ಲಿ ಅಧಿಕೃತ ಮಾನ್ಯತೆ ಸಿಕ್ಕಿತು. ಕಾಸ್ಮೆಟಿಕ್ಸ್ ಮಾರುಕಟ್ಟೆಗೆ ಬರುವ ಮೊದಲು ಸರ್ಕಾರದ ಒಪ್ಪಿಗೆ ಬೇಕು ಅನ್ನುವ ನಿಯಮ ಬರಲಿಲ್ಲ. ಅಪಾಯಕಾರಿ ಕಾಸ್ಮೆಟಿಕ್ಸ್ ವಾಪಸ್ ತೆಗೆಸುವ ಕಡ್ಡಾಯ ಅಧಿಕಾರ ಎಫ್‌ಡಿಎಗೆ ಸಿಕ್ಕಿದ್ದು 2022ರ ಕೊನೆಯಲ್ಲಿ, 84 ವರ್ಷಗಳ ನಂತರ. ಬಿಟ್ಟ ಜಾಗ ತುಂಬಲು ಇಷ್ಟು ಕಾಲ ಬೇಕಾಯಿತು.

ಆ ಕಾನೂನಿನ ಇನ್ನೊಂದು ಬೆಲೆಯನ್ನು ಮೊಲಗಳು ಕೊಟ್ಟವು. ಸುರಕ್ಷತೆ ಸಾಬೀತು ಮಾಡಬೇಕಲ್ಲ ಅಂತ 1944ರಲ್ಲಿ ಎಫ್‌ಡಿಎಯ ಜಾನ್ ಡ್ರೈಜ್ ಮೊಲದ ಕಣ್ಣಿಗೆ ವಸ್ತು ಹಾಕಿ ನೋಡುವ ಪರೀಕ್ಷೆ ರೂಪಿಸಿದರು. ಕಾಸ್ಮೆಟಿಕ್ಸ್‌ಗಾಗಿ ಪ್ರಾಣಿಗಳ ಮೇಲೆ ಪರೀಕ್ಷೆ ಮಾಡುವುದನ್ನು ಭಾರತ ನಿಲ್ಲಿಸಿದ್ದು 2014ರಲ್ಲಿ.

ನಮ್ಮ ಕಾಡಿಗೆ, ನಮ್ಮ ಕಾನೂನು

ನಮ್ಮಲ್ಲಿ 1940ರಲ್ಲಿ ಬಂದದ್ದು ಬರೀ ಔಷಧ ಕಾಯ್ದೆ. ಅದಕ್ಕೆ ಕಾಸ್ಮೆಟಿಕ್ಸ್ ಸೇರಿದ್ದು 1962ರ ತಿದ್ದುಪಡಿಯಲ್ಲಿ. ಬಣ್ಣಕ್ಕಾಗಿ ಸೀಸ, ಆರ್ಸೆನಿಕ್ ಸಂಯುಕ್ತ ಬಳಸುವುದಕ್ಕೆ ನಿಷೇಧವಿದೆ. ಡೈ ಪೊಟ್ಟಣದ ಎಚ್ಚರಿಕೆ ಇಂಗ್ಲಿಷಿನ ಜೊತೆಗೆ ಸ್ಥಳೀಯ ಭಾಷೆಯಲ್ಲೂ, ಒಳಗೂ ಹೊರಗೂ ಇರಬೇಕು ಅಂತ ನಿಯಮವಿದೆ. ಆ ಮಾತುಗಳು 1938ರ ಅಮೆರಿಕದ ಕಾಯ್ದೆಯ ಮಾತುಗಳೇ. ಕೋಪ್‌ಲ್ಯಾಂಡ್ ಮಾಡಿಕೊಂಡ ರಾಜಿ ಹೀಗೆ ನಮ್ಮ ಕಟಿಂಗ್ ಶಾಪಿನವರೆಗೂ ಬಂದಿದೆ.

ನಿಯಮ ಇದ್ದರೆ ಸಾಕಾ? 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಕಿಡ್ನಿ ಹೋಗಿ ಸತ್ತರು. ಸಿರಪ್‌ನಲ್ಲಿ ಸಿಕ್ಕಿದ್ದು ಡೈಈಥಿಲೀನ್ ಗ್ಲೈಕಾಲ್. 1937ರ ಅದೇ ವಿಷ, 88 ವರ್ಷಗಳ ನಂತರ. ಕಾನೂನು ಇತ್ತು, ಪರೀಕ್ಷೆ ಮಾಡಬೇಕಾದವರು ಮಾಡಿರಲಿಲ್ಲ. ಮಕ್ಕಳು ಕುಡಿಯುವ ಔಷಧದ ಗತಿಯೇ ಹೀಗಾದರೆ, ಸಂತೆಯಲ್ಲಿ ಮಾರುವ ಕಾಜಲ್ ಡಬ್ಬಿಯನ್ನು ಯಾರು ಪರೀಕ್ಷಿಸುತ್ತಾರೆ?

2020ರಲ್ಲಿ ಕಾಸ್ಮೆಟಿಕ್ಸ್‌ಗೆ ಪ್ರತ್ಯೇಕ ನಿಯಮಾವಳಿ ಬಂತು. ಬೇರೆ ಕಾಸ್ಮೆಟಿಕ್ಸ್‌ನಲ್ಲಿ ಅರಿಯದೆ ಸೇರಿದ ಪಾದರಸಕ್ಕೆ ಅದು ಹಾಕಿದ ಮಿತಿ ಹತ್ತು ಲಕ್ಷಕ್ಕೆ 1 ಭಾಗ. ಕಣ್ಣಿನ ಸುತ್ತ ಹಚ್ಚುವ ಸರಕಿನಲ್ಲಿ ಮಾತ್ರ, ಕೆಡದಂತೆ ಇಡಲು 70 ಭಾಗದವರೆಗೆ ಬಿಟ್ಟಿತ್ತು. ಒದ್ದೆ ಇರುವ ಮಸ್ಕಾರಾದಲ್ಲಿ ಬ್ಯಾಕ್ಟೀರಿಯಾ ಬೆಳೆದರೂ ಕಣ್ಣಿಗೆ ಅಪಾಯ, ಹಾಗಾಗಿ ಈ ವಿನಾಯಿತಿ. ತರ್ಕ ಅರ್ಥವಾಗುತ್ತದೆ. ಆದರೆ ಕಣ್ಣಿಗೇ ಹೆಚ್ಚು ಪಾದರಸ ಅನ್ನುವುದನ್ನು ಯಾವ ಸದನದಲ್ಲಿ, ಯಾರು ಕೂತು ಚರ್ಚಿಸಿದರು?

ಮನೆಯಲ್ಲಿ ದೀಪದ ಮಸಿ ಹಿಡಿದು ತುಪ್ಪದಲ್ಲಿ ಕಲಸುವ ಕಾಡಿಗೆ ಮುಖ್ಯವಾಗಿ ಇಂಗಾಲ. ಕಲ್ಲು ಅರೆದು ಮಾಡುವ ಸುರ್ಮಾ ಬೇರೆ. ಅದರ ಮೂಲ ಹಲವು ಸಲ ಗೆಲೀನಾ, ಅಂದರೆ ಸೀಸದ ಸಲ್ಫೈಡ್. ಕೂಸಿನ ಕಣ್ಣಿಗೆ ಹಚ್ಚಿದ್ದು ಉಜ್ಜಿದ ಕೈಯಿಂದ ಬಾಯಿಗೆ ಹೋಗುತ್ತದೆ. ಮಕ್ಕಳ ಮಿದುಳಿಗೆ ಸೀಸದಲ್ಲಿ ಸುರಕ್ಷಿತ ಪ್ರಮಾಣ ಅನ್ನುವುದೇ ಇಲ್ಲ. ದೃಷ್ಟಿಬೊಟ್ಟು ಬೇಕಿದ್ದರೆ ಅಂಗಾಲಿಗೆ ಇಡಿ, ಕಣ್ಣಿನೊಳಗೆ ಬೇಡ. ಮನೆಯ ಮಸಿಯಾದರೂ ಸರಿ, ಬೆರಳಿನ ಕೊಳೆ ಸಾಕು ಸೋಂಕಿಗೆ.

ಹಚ್ಚಿಕೊಳ್ಳುವ ನಾವು ದೊಡ್ಡವರು ಮಾಡಬೇಕಾದ್ದು ಬಹಳವೇನಿಲ್ಲ. ಐಲೈನರನ್ನು ರೆಪ್ಪೆಗೂದಲ ಬುಡದ ಹೊರಗೆ ಎಳೆಯಿರಿ. ಒಳ ಅಂಚಿನ ಒದ್ದೆ ಗೆರೆಯ ಮೇಲೆ ಎಳೆದರೆ ಅಲ್ಲಿರುವ ಎಣ್ಣೆಗ್ರಂಥಿಗಳ ಬಾಯಿ ಮುಚ್ಚುತ್ತದೆ, ಕಣ್ಣು ಒಣಗುತ್ತದೆ. ಮಸ್ಕಾರಾ ತೆರೆದು ಮೂರು ತಿಂಗಳಾದರೆ ಎಸೆಯಿರಿ. ಒಣಗಿದೆ ಅಂತ ನೀರು, ಎಂಜಲು ಸೇರಿಸಬೇಡಿ. ಎಷ್ಟೇ ಜೀವದ ಗೆಳತಿಯಾದರೂ ಕಾಜಲ್ ಹಂಚಿಕೊಳ್ಳಬೇಡಿ. ಲೇಬಲ್‌ನಲ್ಲಿ ಸಿಐ 77499 ಅಂತಿದ್ದರೆ ಕಪ್ಪು ಐರನ್ ಆಕ್ಸೈಡ್, ಸಿಐ 77266 ಅಂದರೆ ಇಂಗಾಲದ ಕಪ್ಪು. ಪದಾರ್ಥಗಳ ಪಟ್ಟಿ, ಬ್ಯಾಚ್ ನಂಬರ್, ಎಂ ಅಕ್ಷರದ ಜೊತೆಗಿನ ತಯಾರಿಕಾ ಲೈಸೆನ್ಸ್ ನಂಬರ್ ಯಾವುದೂ ಇಲ್ಲದಿದ್ದರೆ, ನೈಸರ್ಗಿಕ ಅಂತ ಎಷ್ಟು ದೊಡ್ಡದಾಗಿ ಬರೆದಿದ್ದರೂ ವಾಪಸ್ ಇಟ್ಟು ಬನ್ನಿ. ಸೀಸವೂ ನೈಸರ್ಗಿಕವೇ.

ಹೀಗೆ ಪಟ್ಟಿ ಕೊಡುತ್ತಾ ನಾನೂ ಕೋಪ್‌ಲ್ಯಾಂಡ್ ಮಾಡಿದ್ದನ್ನೇ ಮಾಡುತ್ತಿದ್ದೇನೆ. ಜವಾಬ್ದಾರಿಯನ್ನು ನಿಮ್ಮ ತಲೆಗೆ ಕಟ್ಟುತ್ತಿದ್ದೇನೆ. ಹಾಗಾಗಿ ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ನಮ್ಮ ಔಷಧ ಮತ್ತು ಕಾಸ್ಮೆಟಿಕ್ಸ್ ಕಾಯ್ದೆಯ 26ನೇ ಸೆಕ್ಷನ್ ಓದಿ. ಕೊಂಡ ಔಷಧವನ್ನಾಗಲಿ ಕಾಸ್ಮೆಟಿಕ್ಸ್ ಅನ್ನಾಗಲಿ, ನಿಗದಿತ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಗೆ ಪರೀಕ್ಷೆಗೆ ಕೊಟ್ಟು, ವರದಿ ಪಡೆಯುವ ಹಕ್ಕು ಯಾರಿಗೆ ಬೇಕಾದರೂ ಇದೆ. ಗ್ರಾಹಕ ಸಂಘಗಳಿಗೂ ಇದೆ. ನಿಮ್ಮ ಕಾಲೇಜಿನ ಹತ್ತು ಜನ ಸೇರಿ ಊರಿನ ಸಂತೆಯಿಂದ ಹತ್ತು ಕಾಜಲ್ ಡಬ್ಬಿ ಕೊಂಡು ಅರ್ಜಿ ಹಾಕಿ ನೋಡಿ. ವರದಿ ಬಂದರೆ ಎಷ್ಟು ಸೀಸ ಇದೆ ಅಂತ ಗೊತ್ತಾಗುತ್ತದೆ. ಬರದಿದ್ದರೆ, ಕಾನೂನು ಎಷ್ಟು ಇದೆ ಅಂತ ಗೊತ್ತಾಗುತ್ತದೆ.